ಗಲ್ಲಾ ಪಕ್ಕದ ಮಾತಿನ ಡಬ್ಬಿ: ಸೌಂಡ್‌ಬಾಕ್ಸ್‌ಗೆ ಬಾಡಿಗೆ ಕೊಡಬಹುದಾ?

ತುಮಕೂರಿನ ಬಟವಾಡಿಯಲ್ಲಿ ನಮ್ಮದೊಂದು ಕಾಂಡಿಮೆಂಟ್ಸ್ ಇದೆ. ಹಾಲು, ಬನ್ನು, ಬಾಳೆಹಣ್ಣು, ನಿಪ್ಪಟ್ಟು, ಕೋಡುಬಳೆ, ಕೊತ್ತಂಬರಿ ಕಟ್ಟು, ಸಿಗರೇಟು. ಬೆಳಿಗ್ಗೆ ಹಾಲಿನ ಹೊತ್ತಿಗೆ ನಾನು ಕೂರುತ್ತೇನೆ, ಹತ್ತರ ಮೇಲೆ ನಮ್ಮ ಅತ್ತೆ, ಸಂಜೆ ಇಬ್ಬರೂ. ಯುಪಿಐ ದುಡ್ಡು ಬಂದರೆ ಕೂಗಿ ಹೇಳುವ ಸೌಂಡ್‌ಬಾಕ್ಸ್ ಅಂಗಡಿಗೆ ಬಂದು ವರ್ಷಗಳೇ ಆದವು. ಹೊಸದಾಗಿ ಅಂಗಡಿ ಹಾಕಿದವರು ಬಂದು "ತಗೊಳ್ಳೋಣವಾ ಅಕ್ಕಾ?" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ನಮ್ಮ ಡಬ್ಬಿ ಯಾವ ಕಂಪನಿಯದ್ದು ಅಂತ ಬರೆಯುವುದಿಲ್ಲ. ನಾಲ್ಕೈದು ಕಂಪನಿಗಳು ಕೊಡುತ್ತವೆ, ಗುಣವೂ ಕಾಟವೂ ಹೆಚ್ಚುಕಡಿಮೆ ಒಂದೇ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಈ ಡಬ್ಬಿಯ ಒಳಗೆ ಅದರದ್ದೇ ಸಿಮ್ ಇರುತ್ತದೆ, ಬ್ಯಾಟರಿ ಇರುತ್ತದೆ. ಗಿರಾಕಿ ದುಡ್ಡು ಹಾಕಿದ ಮೇಲೆ ಕಂಪನಿಯ ಸರ್ವರ್‌ನಿಂದ ನೇರವಾಗಿ ಡಬ್ಬಿಗೆ ಸುದ್ದಿ ಬರುತ್ತದೆ. ನನ್ನ ಫೋನಿಗೂ ಅದಕ್ಕೂ ಸಂಬಂಧವೇ ಇಲ್ಲ. ಕೇಳೋಕೆ ಸಣ್ಣ ವಿಷಯ. ಆದರೆ ನಮ್ಮ ಅಂಗಡಿಯಲ್ಲಿ ಎಲ್ಲಾ ಬದಲಾಗಿದ್ದು ಇದರಿಂದಲೇ. ಮುಂಚೆ ಬರೀ ಕ್ಯೂಆರ್ ಸ್ಟಿಕ್ಕರ್ ಇತ್ತು, ಮೆಸೇಜು ನನ್ನ ಫೋನಿಗೆ ಬರುತ್ತಿತ್ತು. ನಾನು ಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದರೆ ಅತ್ತೆ ಅಂಗಡಿಯಿಂದ ಫೋನ್ ಮಾಡಿ, "ಮೂವತ್ತೆರಡು ರೂಪಾಯಿ ಬಂತೇನಮ್ಮಾ?" ಅಂತ ಕೇಳಬೇಕಿತ್ತು. ಅಷ್ಟೊತ್ತಿಗೆ ಗಿರಾಕಿಗೆ ಬೇಜಾರು, ನನಗೆ ಸಾಸಿವೆ ಕರಕಲು. ಅತ್ತೆ ಎಷ್ಟೋ ಸಲ ಸುಮ್ನೆ ನಂಬಿ ಕಳಿಸಿಬಿಡುತ್ತಿದ್ದರು. ಈಗ ಅವರು ಕನ್ನಡಕ ಹಾಕಿಕೊಳ್ಳಬೇಕಿಲ್ಲ, ಇಂಗ್ಲಿಷ್ ಓದಬೇಕಿಲ್ಲ, ಯಾರನ್ನೂ ಅನುಮಾನದಿಂದ ನೋಡಬೇಕಿಲ್ಲ. ಡಬ್ಬಿ ಕೂಗಿದರೆ ಕವರ್ ಕೈಗೆ, ಕೂಗದಿದ್ದರೆ "ಇನ್ನೂ ಬಂದಿಲ್ಲಪ್ಪ". ಅಂಗಡಿಯ ಅರ್ಧ ದಿನ ಮತ್ತೆ ಅವರದ್ದಾಯಿತು.

ಮೋಸಕ್ಕೂ ಇದು ಒಳ್ಳೆಯ ಕಾವಲು. "ಪೇಮೆಂಟ್ ಸಕ್ಸಸ್‌ಫುಲ್" ಅಂತ ಹಸಿರು ಟಿಕ್ ತೋರಿಸುವ ನಕಲಿ ಆ್ಯಪ್‌ಗಳಿವೆ. ದುಡ್ಡು ಹೋಗಿರುವುದಿಲ್ಲ, ಪರದೆ ಮಾತ್ರ ಥೇಟ್ ಅಸಲಿ. ಕಣ್ಣಿಗೆ ಮೋಸ ಮಾಡಬಹುದು, ಡಬ್ಬಿಗೆ ಆಗುವುದಿಲ್ಲ. ರಾತ್ರೋರಾತ್ರಿ ನಮ್ಮ ಸ್ಟಿಕ್ಕರ್ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸಿ ಹೋಗುವವರೂ ಇದ್ದಾರೆ. ಹಾಗಾದರೆ ಮೊದಲನೇ ಗಿರಾಕಿ ದುಡ್ಡು ಹಾಕಿದಾಗಲೇ ಡಬ್ಬಿ ಮೌನ, ಆಗಲೇ ಗೊತ್ತಾಗುತ್ತದೆ. ದುಡ್ಡು ಹೋಗೇಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು.

ಈಗ ಕಾಟದ ವಿಷಯ. ಇದು ನನಗೆ ಹೇಳಿದ್ದನ್ನು ಬೀದಿಗೆಲ್ಲ ಹೇಳುತ್ತದೆ.

ಹೆಸರು ಹೇಳುವುದಿಲ್ಲವಲ್ಲ, ಬರೀ ಮೊತ್ತ ತಾನೇ ಅನ್ನಬಹುದು. ಸಣ್ಣ ಅಂಗಡಿಯಲ್ಲಿ ಮೊತ್ತವೇ ಸಾಕು. ಕಾಲೇಜು ಹುಡುಗ ಒಬ್ಬ ಸಿಗರೇಟು ತಗೊಂಡು ಜೇಬಿಗೆ ಹಾಕಿಕೊಂಡ. ಪಕ್ಕದಲ್ಲಿ ಅವರ ಬೀದಿಯ ಹಿರಿಯರೊಬ್ಬರು ಹಾಲಿಗೆ ನಿಂತಿದ್ದರು, ನೋಡಿರಲಿಲ್ಲ. ಡಬ್ಬಿ ಕೂಗಿತು: ಹದಿನೆಂಟು ರೂಪಾಯಿ. ಅವರೂ ಅದೇ ಸಿಗರೇಟು ಸೇದುವವರು, ರೇಟು ಗೊತ್ತಿಲ್ಲದೆ ಇರುತ್ತದಾ? ಹುಡುಗನ ಕಡೆ ತಿರುಗಿ, "ನಿಮ್ಮಪ್ಪ ಹೇಗಿದ್ದಾರಪ್ಪ?" ಅಂದರು. ಅಷ್ಟೇ. ಆ ಹುಡುಗ ಈಗಲೂ ಬರುತ್ತಾನೆ, ಆದರೆ ಚಿಲ್ಲರೆ ಹಿಡಿದುಕೊಂಡು ಬರುತ್ತಾನೆ.

ಅದಕ್ಕಿಂತ ನನಗೆ ಬೇಸರವಾದದ್ದು ಉದ್ರಿ ವಿಷಯ. ನಮ್ಮ ಕ್ರಾಸಿನ ಒಬ್ಬ ಹೆಂಗಸು, ಗಂಡ ಬರೆಸಿ ಹೋಗಿದ್ದ ಬಾಕಿಯನ್ನು ತೀರಿಸಲು ಬಂದರು. ಅಂಗಡಿ ಖಾಲಿಯಾಗಲಿ ಅಂತ ಪಕ್ಕದ ಮೆಟ್ಟಿಲ ಮೇಲೆ ಕಾದಿದ್ದರು. ಯಾರೂ ಇಲ್ಲ ಅಂತ ನೋಡಿ ಸ್ಕ್ಯಾನ್ ಮಾಡಿದರು. ಡಬ್ಬಿ ಸ್ವಲ್ಪ ತಡ ಮಾಡಿತು, ಅಷ್ಟರಲ್ಲಿ ಕೊತ್ತಂಬರಿಗೆ ಇಬ್ಬರು ಬಂದರು. ಆಮೇಲೆ ಸಾವಿರದ ಎಂಟುನೂರ ನಲವತ್ತು ರೂಪಾಯಿ ಅಂತ ದೊಡ್ಡ ದನಿಯಲ್ಲಿ ಹೇಳಿತು. ಹಾಲು ಬನ್ನಿನ ಅಂಗಡಿಯಲ್ಲಿ ಅಷ್ಟು ದೊಡ್ಡ ಮೊತ್ತ ಅಂದರೆ ಏನು ಅಂತ ಎಲ್ಲರಿಗೂ ಗೊತ್ತು. ಉದ್ರಿ ಪುಸ್ತಕವನ್ನು ನಾನು ಯಾರ ಮುಂದೆಯೂ ತೆರೆಯುವುದಿಲ್ಲ, ಇದು ತೆರೆದು ಓದಿತು.

ಇದಕ್ಕೆ ನಾನು ಕಂಡುಕೊಂಡ ದಾರಿ: ಗಲ್ಲಾದ ಒಳಗೆ ಇನ್ನೊಂದು ಕ್ಯೂಆರ್ ಇಟ್ಟುಕೊಂಡಿದ್ದೇನೆ, ಡಬ್ಬಿಗೆ ಜೋಡಿಸದೆ ಇರುವುದು. ಉದ್ರಿ ತೀರಿಸುವವರಿಗೆ ಅದನ್ನೇ ತೋರಿಸುತ್ತೇನೆ, ಮೆಸೇಜು ನೋಡಿಕೊಂಡು ಪುಸ್ತಕದಲ್ಲಿ ಗೀಟು ಹಾಕುತ್ತೇನೆ. ವಾಲ್ಯೂಮ್ ಕಡಿಮೆ ಮಾಡುವ ಗುಂಡಿ ಇದೆ, ನಿಜ. ಆದರೆ ಪೂರ್ತಿ ಕಡಿಮೆ ಮಾಡಿದರೆ ಬಸ್ಸಿನ ಹಾರ್ನ್ ನಡುವೆ ಅತ್ತೆಗೆ ಕೇಳಿಸುವುದಿಲ್ಲ.

ನೆಟ್‌ವರ್ಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಳೆ ಸಂಜೆಗಳಲ್ಲಿ ತಡವಾಗುತ್ತದೆ, ಮೂರು ಜನರದ್ದನ್ನು ಒಟ್ಟಿಗೆ ಕೂಗಿ ಗಲಿಬಿಲಿ ಮಾಡುತ್ತದೆ. ಪರಿಚಯದವರಾದರೆ ಹೋಗಿ ಅನ್ನುತ್ತೇವೆ, ಹೊಸಬರಾದರೆ ನಿಲ್ಲಿಸಿಕೊಳ್ಳುತ್ತೇವೆ.

ಬಾಡಿಗೆ ವಿಷಯದಲ್ಲಿ ಹುಷಾರಾಗಿರಿ. ಕೊಡಲು ಬಂದ ಹುಡುಗ "ಫ್ರೀ ಮೇಡಂ" ಅಂದ. ಮೊದಲ ಕೆಲವು ತಿಂಗಳಿಗೆ ಮಾತ್ರ ಫ್ರೀ ಅಂತ ಆಮೇಲೆ ಗೊತ್ತಾಯಿತು. ಈಗ ತಿಂಗಳಿಗೆ ನೂರು ರೂಪಾಯಿಯ ಮೇಲೆ ಹೋಗುತ್ತದೆ. ಅದನ್ನು ಯಾರೂ ಕೈ ಚಾಚಿ ಕೇಳುವುದಿಲ್ಲ, ನಮಗೆ ಬರುವ ದುಡ್ಡಿನಲ್ಲೇ ಹಿಡಿದುಕೊಳ್ಳುತ್ತಾರೆ. ಹಾಲಿನಲ್ಲಿ ಲೀಟರಿಗೆ ಸಿಗುವುದು ಪುಡಿಗಾಸು. ನೂರು ರೂಪಾಯಿ ಅಂದರೆ ನಮಗೆ ಲೆಕ್ಕಕ್ಕೆ ಬರುವ ದುಡ್ಡೇ. ಅವರ ಕಷ್ಟವೂ ಇಲ್ಲದಿಲ್ಲ: 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ದುಡ್ಡಿಗೆ ಅಂಗಡಿಯವರಿಂದ ಕಮಿಷನ್ ಹಿಡಿಯುವಂತಿಲ್ಲ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2000 ಕೋಟಿಗೂ ಹೆಚ್ಚು ಸಲ ಯುಪಿಐ ವ್ಯವಹಾರ ನಡೆಯಿತು. ಇಷ್ಟನ್ನೂ ಪುಕ್ಕಟೆ ಸಾಗಿಸಬೇಕು ಅಂದರೆ ಕಂಪನಿಗಳು ಬೇರೆ ಕಡೆ ದುಡಿಯಬೇಕಲ್ಲ. ಒಂದು ದಾರಿ ಡಬ್ಬಿ ಬಾಡಿಗೆ, ಇನ್ನೊಂದು ದಾರಿ ಸಾಲ.

ಸಾಲದ ಫೋನು ನಮಗೂ ಬರುತ್ತಲೇ ಇರುತ್ತದೆ. ಡಬ್ಬಿಯಲ್ಲಿ ದಿನಾ ಎಷ್ಟು ಕೂಗುತ್ತದೆ ಅಂತ ಅವರಿಗೆ ಗೊತ್ತು, ಅದರ ಮೇಲೆ ಎಷ್ಟು ಕೊಡಬಹುದು ಅಂತ ಲೆಕ್ಕ ಹಾಕಿರುತ್ತಾರೆ. ಜಾಮೀನು ಬೇಡ, ಪತ್ರ ಬೇಡ, ದಿನಾ ಬರುವ ದುಡ್ಡಿನಲ್ಲೇ ಕಂತು ಹಿಡಿಯುತ್ತಾರೆ. ಬ್ಯಾಂಕಿನ ಮೆಟ್ಟಿಲು ಹತ್ತಿ ಸುಸ್ತಾದ ಬೇಕರಿಯವರೊಬ್ಬರು ಹೀಗೇ ಸಾಲ ಮಾಡಿ ಫ್ರಿಡ್ಜ್ ತಗೊಂಡರು, ಸಲೀಸಾಗಿ ತೀರಿಸಿದರು. ಆದರೆ ಫೋನಿನಲ್ಲಿ ಬಡ್ಡಿ ಹೇಳುವುದಿಲ್ಲ, "ದಿನಕ್ಕೆ ಇಷ್ಟೇ ಮೇಡಂ" ಅನ್ನುತ್ತಾರೆ. ಉದಾಹರಣೆಗೆ ಒಂದು ಲೆಕ್ಕ ನೋಡಿ. 1 ಲಕ್ಷ ಕೊಟ್ಟು ದಿನಕ್ಕೆ 380ರಂತೆ 300 ದಿನ ಹಿಡಿದರೆ 1,14,000 ಆಗುತ್ತದೆ. ನೂರಕ್ಕೆ ಹದಿನಾಲ್ಕು ತಾನೇ ಅನ್ನಿಸುತ್ತದೆ. ಆದರೆ ಅಸಲು ದಿನಾ ಕರಗುತ್ತಾ ಹೋಗುತ್ತದೆ, ಸರಾಸರಿ ನಿಮ್ಮ ಕೈಲಿರುವುದು ಅರ್ಧ ಲಕ್ಷ ಮಾತ್ರ. ಹಾಗಾಗಿ ನಿಜವಾದ ಬಡ್ಡಿ ವರ್ಷಕ್ಕೆ ನೂರಕ್ಕೆ ಮೂವತ್ತು ದಾಟುತ್ತದೆ. ಮಾರ್ಕೆಟ್ಟಿನಲ್ಲಿ ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಕೇಳುವ ಕೈಸಾಲಕ್ಕಿಂತ ವಾಸಿ, ಬ್ಯಾಂಕಿಗಿಂತ ಬಹಳ ದುಬಾರಿ. ಒಟ್ಟು ಎಷ್ಟು ಕಟ್ಟಬೇಕು, ಎಷ್ಟು ದಿನ ಅಂತ ಕೇಳಿ ಬರೆದುಕೊಳ್ಳಿ, ಆಮೇಲೆ ಹೂಂ ಅನ್ನಿ.

ಡಬ್ಬಿಯ ಕೂಗು ಸರ್ಕಾರಕ್ಕೂ ಕೇಳಿಸುತ್ತದೆ ಅಂತ ಎಲ್ಲರಿಗೂ ಗೊತ್ತಾಗಿದ್ದು 2025ರ ಜುಲೈನಲ್ಲಿ. ಯುಪಿಐ ಲೆಕ್ಕ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳವರು ಕ್ಯೂಆರ್ ಕಿತ್ತುಹಾಕಿ "ನೋ ಯುಪಿಐ, ಓನ್ಲಿ ಕ್ಯಾಶ್" ಅಂತ ಹಾಳೆ ಅಂಟಿಸಿದ್ದರು. ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಸಭೆ ಮಾಡಿ, ಹಳೆ ಬಾಕಿ ಬಿಡುತ್ತೇವೆ, ಜಿಎಸ್‌ಟಿ ನೋಂದಣಿ ಮಾಡಿಸಿ ಅಂದ ಮೇಲೆ ಗಲಾಟೆ ತಣ್ಣಗಾಯಿತು. ವರ್ಷದ ವ್ಯಾಪಾರ ಸರಕು ಮಾರುವವರಿಗೆ ಸಾಮಾನ್ಯವಾಗಿ 40 ಲಕ್ಷ, ಸೇವೆಯವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ನಮಗೆ ನೋಟಿಸ್ ಬರಲಿಲ್ಲ. ಆದರೂ ಒಂದು ವಿಷಯ ನನ್ನ ತಲೆಗೆ ಹೊಕ್ಕಿತು. ಡಬ್ಬಿಗೆ ಎಲ್ಲಾ ದುಡ್ಡೂ ಒಂದೇ. ತೆರಿಗೆಯೇ ಇಲ್ಲದ ಹಾಲೂ ಅದರಲ್ಲೇ, ತೆರಿಗೆ ಇರುವ ಸಿಗರೇಟೂ ಅದರಲ್ಲೇ. "ಅಕ್ಕಾ, ಐನೂರು ಸ್ಕ್ಯಾನ್ ಮಾಡ್ತೀನಿ, ಕ್ಯಾಶ್ ಕೊಡ್ತೀರಾ?" ಅಂತ ಎಟಿಎಂ ತರ ನಮ್ಮನ್ನು ಬಳಸಿಕೊಳ್ಳುವವರ ದುಡ್ಡೂ ಅದರಲ್ಲೇ. ಅದು ವ್ಯಾಪಾರವೇ ಅಲ್ಲ, ಆದರೆ ಲೆಕ್ಕದಲ್ಲಿ ವ್ಯಾಪಾರದಂತೆಯೇ ಕಾಣುತ್ತದೆ. ಅಂದಿನಿಂದ ಕ್ಯಾಶ್ ಕೊಡುವುದು ನಿಲ್ಲಿಸಿದೆವು. ಕೆಲವರು ಮುಖ ದಪ್ಪ ಮಾಡಿಕೊಂಡರು, ಮಾಡಿಕೊಳ್ಳಲಿ. ಹಾಲು ತಂದ ಬಿಲ್ಲುಗಳನ್ನೂ ಈಗ ಎಸೆಯುವುದಿಲ್ಲ, ಅತ್ತೆ ಸರಿಗೆಗೆ ಚುಚ್ಚಿಡುತ್ತಾರೆ.

ಐದಕ್ಕೆ ಎಷ್ಟು ಸ್ಟಾರ್ ಅಂದರೆ ಮೂರೂವರೆ. ಅಂಗಡಿಯಲ್ಲಿ ನಿಮ್ಮ ಬದಲು ವಯಸ್ಸಾದವರೋ ಕೆಲಸದ ಹುಡುಗನೋ ಕೂರುವುದಿದ್ದರೆ ಕಣ್ಣು ಮುಚ್ಚಿಕೊಂಡು ತಗೊಳ್ಳಿ. ನೀವೊಬ್ಬರೇ ಕೂರುವವರು, ದಿನಕ್ಕೆ ಹತ್ತಿಪ್ಪತ್ತು ಸ್ಕ್ಯಾನ್ ಅಷ್ಟೇ ಅಂದರೆ ಬೇಡ. ಅಂಗಡಿಯವರ ಆ್ಯಪ್‌ನಲ್ಲೇ ಕೂಗಿ ಹೇಳುವ ಸೌಲಭ್ಯ ಇರುತ್ತದೆ, ಅದಕ್ಕೆ ಬಾಡಿಗೆ ಇಲ್ಲ. ತಗೊಳ್ಳುವುದಾದರೆ ಬಾಡಿಗೆ ಯಾವ ತಿಂಗಳಿಂದ, ವಾಪಸ್ ಕೊಡುವುದು ಹೇಗೆ ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ನಮ್ಮದು ಬಂದಾಗ ಹಿಂದಿಯಲ್ಲಿ ಕೂಗುತ್ತಿತ್ತು. ಕೊಡಲು ಬಂದ ಹುಡುಗ ಹೊರಡುವ ಮುಂಚೆಯೇ ಕನ್ನಡಕ್ಕೆ ಬದಲಾಯಿಸಿಕೊಳ್ಳಿ, ಆಮೇಲೆ ಅವನು ಫೋನ್ ಎತ್ತುವುದಿಲ್ಲ.