ಸಿಟಿಜನ್ಸ್ ಬ್ಯಾಂಡೋ, ಹ್ಯಾಮೋ: ಬನಶಂಕರಿಯ ತಾರಸಿಯಿಂದ ಒಂದು ಹೋಲಿಕೆ

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಳ್ಳಂದೂರಿನ ಸುತ್ತಮುತ್ತ ನೀರು ನುಗ್ಗಿದಾಗ ಅಲ್ಲಿ ವಾಸವಿರುವ ನನ್ನ ತಂಗಿಯ ಫೋನು ಒಂದು ರಾತ್ರಿ, ಒಂದು ಹಗಲು ಸಿಗಲಿಲ್ಲ. ಅವರ ವಸತಿ ಸಮುಚ್ಚಯದ ಜನರೇಟರ್ ಇದ್ದದ್ದು ನೆಲಮಾಳಿಗೆಯಲ್ಲಿ, ಆದ್ದರಿಂದ ಮೊದಲು ಮುಳುಗಿದ್ದೇ ಅದು. ಮೊಬೈಲ್ ಗೋಪುರದ ಹಂಗಿಲ್ಲದೆ ಬನಶಂಕರಿಯ ನಮ್ಮ ಮನೆಯಿಂದ ಅವಳ ಮನೆಗೆ ಮಾತು ಮುಟ್ಟಿಸಬಹುದೇ ಎಂದು ತಿಳಿಯಲು, ಕಳೆದ ಮಳೆಗಾಲದ ಕೆಲವು ಭಾನುವಾರ ಜನಸಾಮಾನ್ಯರಿಗೆ ಬಿಟ್ಟಿರುವ ಸಿಟಿಜನ್ಸ್ ಬ್ಯಾಂಡಿನ ಒಂದು ಜೋಡಿ ರೇಡಿಯೊ ಸೆಟ್ಟುಗಳನ್ನೂ, ಪರವಾನಗಿ ಪಡೆದ ಹವ್ಯಾಸಿಗಳು ಬಳಸುವ ನನ್ನ ಹ್ಯಾಮ್ ಸೆಟ್ಟುಗಳನ್ನೂ ಒಂದೇ ದಾರಿಯಲ್ಲಿ ಪರೀಕ್ಷಿಸಿದೆ. ಪರವಾನಗಿ ಇರುವ ಗೆಳೆಯರೊಬ್ಬರು ಕಾರಿನಲ್ಲಿ ಕುಳಿತು ಇನ್ನೊಂದು ತುದಿಯನ್ನು ನೋಡಿಕೊಂಡರು.

ಸಿಟಿಜನ್ಸ್ ಬ್ಯಾಂಡಿನ ಆಕರ್ಷಣೆಯೆಂದರೆ ಪರೀಕ್ಷೆಯ ಗೊಡವೆ ಇಲ್ಲದಿರುವುದು. ನಮ್ಮ ದೇಶದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ, 5 ವ್ಯಾಟ್ ಮಿತಿಯೊಳಗೆ ಯಾರು ಬೇಕಾದರೂ ಮಾತನಾಡಬಹುದು. ಅಮೆರಿಕದ ಮಾದರಿಯ ಸೆಟ್ಟುಗಳಲ್ಲಿ 40 ಚಾನೆಲ್‌ಗಳಿದ್ದು, 28ನೆಯದರಿಂದ ಮುಂದಿನವು ಈ ಗೆರೆಯ ಆಚೆ ಬೀಳುತ್ತವೆ ಎಂಬುದನ್ನು ನನಗೆ ಮಾರಿದವರು ಹೇಳಲಿಲ್ಲ. ತಾರಸಿಯಿಂದ ಒಂದೂವರೆ ಕಿಲೋಮೀಟರ್ ದೂರ ಧ್ವನಿ ಸ್ಪಷ್ಟವಾಗಿತ್ತು, ಆದರೆ ಕಾರು ಜಯನಗರ 4ನೇ ಬ್ಲಾಕ್ ಮುಟ್ಟುವಷ್ಟರಲ್ಲಿ ಕರಕರ ಸದ್ದಷ್ಟೇ ಉಳಿಯಿತು. ಇಲ್ಲಿನ ತರಂಗಾಂತರ ಸುಮಾರು 11 ಮೀಟರ್ ಆದ್ದರಿಂದ ಅದರ ಕಾಲು ಭಾಗದ ಆಂಟೆನಾ ಎಂದರೂ ಆಳುದ್ದವನ್ನು ಮೀರುತ್ತದೆ. ಸೆಟ್ಟಿನ ತಲೆಯ ಮೇಲಿನ ಗೇಣುದ್ದದ ರಬ್ಬರ್ ಕೋಲಿನಲ್ಲಿ 5 ವ್ಯಾಟಿನ ಬಹುಪಾಲು ಶಾಖವಾಗಿಯೇ ಕಳೆದುಹೋಗುತ್ತದೆ. ಮೇಲಾಗಿ ತರಂಗದ ಬಲವನ್ನು ಏರಿಳಿಸಿ ಮಾತನ್ನು ಸಾಗಿಸುವ ಎಎಂ ವಿಧಾನದಲ್ಲಿ ನೆರೆಮನೆಗಳ ಎಲ್‌ಇಡಿ ದೀಪಗಳ, ಚಾರ್ಜರ್‌ಗಳ ಗದ್ದಲವೆಲ್ಲ ಮಾತಿನೊಳಗೇ ಬೆರೆತು ಬರುತ್ತದೆ. ಒಂದು ಸಂಜೆ ಇಡೀ ಬಡಾವಣೆಯ ಕರೆಂಟ್ ಹೋದಾಗ ಆ ಗದ್ದಲ ಇಳಿದು, ಅದೇ ಸೆಟ್ಟು ಇನ್ನೂ ಅರ್ಧ ಕಿಲೋಮೀಟರ್ ಮುಂದೆ ಕೇಳಿಸಿದ್ದು ನನಗೆ ಅನಿರೀಕ್ಷಿತವಾಗಿತ್ತು. ಅಮೆರಿಕದಲ್ಲಿ ತುರ್ತು ಕರೆಗೆಂದು ಮೀಸಲಾದ 9ನೇ ಚಾನೆಲ್ಲಿಗೆ ಮೂರು ವಾರ ಕಿವಿಗೊಟ್ಟರೂ ಬೆಂಗಳೂರಿನ ಒಂದು ಧ್ವನಿಯೂ ಸಿಗಲಿಲ್ಲ. ಒಮ್ಮೆ ಮಾತ್ರ ಎಲ್ಲಿಂದಲೋ ಅಯಾನುಗೋಳಕ್ಕೆ (ರೇಡಿಯೊ ತರಂಗಗಳನ್ನು ನೆಲದತ್ತ ಹಿಂದಿರುಗಿಸುವ ಮೇಲ್ವಾತಾವರಣದ ಪದರಕ್ಕೆ) ತಾಗಿ ಬಂದ, ನನಗೆ ಅರ್ಥವಾಗದ ಭಾಷೆಯೊಂದು ಕೇಳಿಸಿತು. ಜಯನಗರವನ್ನು ದಾಟಲಾರದ ಪೆಟ್ಟಿಗೆಗೆ ಪರದೇಶದ ಮಾತು ದಕ್ಕಿತ್ತು!

ಹ್ಯಾಮ್‌ಗಳ 144–146 ಮೆಗಾಹರ್ಟ್ಸ್ ಬ್ಯಾಂಡಿನ ಕೈಸೆಟ್ಟಿಗೂ 5 ವ್ಯಾಟೇ. ಆದರೆ ಇಲ್ಲಿ ಕಾಲು ತರಂಗಾಂತರವೆಂದರೆ ಅರ್ಧ ಮೀಟರ್ ಮಾತ್ರ, ಜೊತೆಗೆ ಎಫ್‌ಎಂ ಆದ್ದರಿಂದ ಗದ್ದಲವೂ ಕಡಿಮೆ. ಲಾಲ್‌ಬಾಗ್ ಬಂಡೆಯ ಮೇಲಿಂದ ಗೆಳೆಯರ ಮಾತು ಪಕ್ಕದಲ್ಲಿ ನಿಂತು ಆಡಿದಂತಿತ್ತು. ಬೆಳ್ಳಂದೂರು ಮಾತ್ರ ಕೈಸೆಟ್ಟಿಗೆ ದಕ್ಕಲಿಲ್ಲ, ಏಕೆಂದರೆ ನೀರು ಹರಿದು ನಿಲ್ಲುವ ಕಣಿವೆಯೇ ಈ ತರಂಗಗಳಿಗೂ ಮರೆಯಾಗುವ ಜಾಗ. ತಾರಸಿಯ ಜಿಐ ಪೈಪಿನ ತುದಿಗೆ ತಾಮ್ರದ ಕಡ್ಡಿಗಳ ಆಂಟೆನಾ ಕಟ್ಟಿದ ಮೇಲೆ ತಂಗಿಯ ನಾಲ್ಕನೇ ಮಹಡಿಯಿಂದ ಗೆಳೆಯರ ಉತ್ತರ ಬಂತು, ನೆಲಮಹಡಿಯಿಂದ ಬರಲೇ ಇಲ್ಲ. ಎತ್ತರದ ಜಾಗದಲ್ಲಿದ್ದು ಮಾತನ್ನು ಹಿಡಿದು ಮರುಪ್ರಸಾರ ಮಾಡುವ ರಿಪೀಟರ್ ಮೂಲಕ ಇದೆಲ್ಲ ಸಲೀಸು, ಆದರೆ ಅದಕ್ಕೂ ಕರೆಂಟು ಬೇಕಾದ್ದರಿಂದ ಅದಕ್ಕೆ ನಾನು ಅಂಕ ಕೊಟ್ಟಿಲ್ಲ. ಪರವಾನಗಿ ಬೇಡದ 446 ಮೆಗಾಹರ್ಟ್ಸ್‌ನ ಪುಟ್ಟ ವಾಕಿ-ಟಾಕಿಗಳು ಎರಡು ಬೀದಿಗೆ ಸಾಕು, ಅಷ್ಟೇ.

ಊರಿಗೆ ಊರೇ ಮೌನವಾದರೆ ಬೇಕಾಗುವುದು ಹ್ಯಾಮ್‌ಗಳ 7 ಮೆಗಾಹರ್ಟ್ಸ್ ಬ್ಯಾಂಡ್. ಅದರ ಆಂಟೆನಾಕ್ಕೆ 20 ಮೀಟರ್ ತಂತಿ ಬೇಕು. ನಮ್ಮ ಮೂವತ್ತು–ನಲವತ್ತರ ಸೈಟಿನ ಕರ್ಣವೇ 15 ಮೀಟರ್ ಆದ್ದರಿಂದ ಎರಡೂ ತುದಿಗಳನ್ನು ಗೋಡೆಯಿಂದ ಕೆಳಕ್ಕೆ ಇಳಿಬಿಟ್ಟೆ. ಹೆಚ್ಚು ಎತ್ತರವಿಲ್ಲದೆ ಕಟ್ಟಿದ ಇಂಥ ತಂತಿಯ ಶಕ್ತಿ ನೆತ್ತಿಯತ್ತ ಏರಿ, ಅಯಾನುಗೋಳದಿಂದ ಮಳೆಯಂತೆ ಕೆಳಗಿಳಿಯುವುದರಿಂದ ನಡುವಿನ ಬೆಟ್ಟಗಳು ಅಡ್ಡಿಯಾಗುವುದಿಲ್ಲ. ಕಾರಿನ ಬ್ಯಾಟರಿಯಿಂದ 20 ವ್ಯಾಟ್ ಹಾಕಿ ಬೆಳಿಗ್ಗೆ 10 ಗಂಟೆಗೆ ಕರೆದಾಗ ಮಡಿಕೇರಿಯಿಂದ ಹ್ಯಾಮ್ ಒಬ್ಬರು ಉತ್ತರಿಸಿದರು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದ ಆ ಊರು ಇಲ್ಲಿಂದ ನೇರ ಗೆರೆಯಲ್ಲಿ ಸುಮಾರು 200 ಕಿಲೋಮೀಟರ್ ದೂರದಲ್ಲಿದೆ. 2004ರ ಡಿಸೆಂಬರ್ 26ರ ಸುನಾಮಿಯ ನಂತರ, ಅದೃಷ್ಟವಶಾತ್ ಆಗ ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದ್ದೂ ಇಂಥ ತರಂಗಗಳ ಬಲದಿಂದಲೇ. ಆದರೆ ಬೆಳಗಿನ ಜಾವ 4 ಗಂಟೆಗೆ ಮಡಿಕೇರಿ ಮಾಯವಾಗಿ, ಬಹುದೂರದ ಕೇಂದ್ರಗಳೇ ತುಂಬಿಕೊಂಡಿದ್ದವು. ಇದು ಹೊತ್ತು ನೋಡಿ ಒದಗುವ ಸಾಧನ.

ಹ್ಯಾಮ್‌ನ ನಿಜವಾದ ಕೊರತೆ ಬೇರೆಡೆಯಿದೆ. ರೇಡಿಯೊ ತತ್ತ್ವ ಮತ್ತು ನಿಯಮಾವಳಿಯ ಪರೀಕ್ಷೆ ಪಾಸಾಗಿ, ಗಾಳಿಯಲ್ಲಿ ನಮ್ಮ ಗುರುತಾಗುವ ಕರೆಸಂಕೇತ ಬರುವವರೆಗೆ ಅದರ ಗುಂಡಿ ಒತ್ತುವಂತಿಲ್ಲ, ಅಂದರೆ ತಂಗಿಯ ಮನೆಯಲ್ಲಿ ಸೆಟ್ಟಿದ್ದೂ ಪ್ರಯೋಜನವಿಲ್ಲ. ಮೋರ್ಸ್ ಸಂಕೇತದ ಪರೀಕ್ಷೆ ಇಲ್ಲದ, ನಿರ್ಬಂಧಿತ ದರ್ಜೆಯ ಪರವಾನಗಿಗೆ ಅವಳು ಈಗ ಓದುತ್ತಿದ್ದಾಳೆ. ಪ್ರಮಾಣಪತ್ರ ಕೈಗೆ ಬರುವ ತನಕ ಸಿಟಿಜನ್ಸ್ ಬ್ಯಾಂಡಿನ ಆ ಜೋಡಿ ಅವಳ ಬಳಿಯೇ ಇದೆ: ಒಂದು ನಾಲ್ಕನೇ ಮಹಡಿಯಲ್ಲಿ, ಇನ್ನೊಂದು ಕೆಳಗೆ ಕಾವಲುಗಾರರ ಕೋಣೆಯಲ್ಲಿ.