ಟಿಆರ್‌ಪಿಸಿ: ಎರಡೂ ಕಡೆ ಟೈಪ್‌ಸ್ಕ್ರಿಪ್ಟ್ ಇದ್ರೆ ಕಣ್ಮುಚ್ಕೊಂಡು ಹಾಕ್ಕೊಳ್ಳಿ

ಟಿಆರ್‌ಪಿಸಿ (tRPC) ಅಂದ್ರೆ ಸರ್ವರ್‌ನ ಫಂಕ್ಷನ್‌ಗಳನ್ನ ಕ್ಲೈಂಟ್‌ನಿಂದ, ಅಂದ್ರೆ ಫ್ರಂಟ್‌ಎಂಡ್‌ನಿಂದ, ಟೈಪ್ ಸಮೇತ ಕರೆಯೋಕೆ ಇರೋ ಟೈಪ್‌ಸ್ಕ್ರಿಪ್ಟ್ ಲೈಬ್ರರಿ. ಸರ್ವರ್‌ನಲ್ಲಿ ಒಂದು ಫಂಕ್ಷನ್ ಬರೆದು ರೌಟರ್‌ಗೆ (ಇಂಥ ಫಂಕ್ಷನ್‌ಗಳ ಪಟ್ಟಿಗೆ) ಸೇರಿಸಿದ್ರೆ ಸಾಕು, ಕ್ಲೈಂಟ್ ಕಡೆ ಡಾಟ್ ಒತ್ತಿದ್ ತಕ್ಷಣ ಅದರ ಹೆಸರು, ಏನು ಕೊಡ್ಬೇಕು, ಏನು ವಾಪಸ್ ಬರುತ್ತೆ ಎಲ್ಲಾ ಎಡಿಟರ್ರೇ ತೋರಿಸುತ್ತೆ, ಕೋಡ್ ಜನರೇಟ್ ಮಾಡೋ ರಗಳೆನೇ ಇಲ್ಲ. ಸರ್ವರ್‌ನಲ್ಲಿ 'ಫೋನ್' ಅನ್ನೋ ಫೀಲ್ಡನ್ನ 'ಮೊಬೈಲ್' ಅಂತ ಬದಲಾಯಿಸಿ ನೋಡಿ, ಫ್ರಂಟ್‌ಎಂಡ್‌ನಲ್ಲಿ ಅದನ್ನ ಬಳಸಿದ ಕಡೆಯೆಲ್ಲಾ ಕೆಂಪು ಗೆರೆ, ಟೈಪ್ ಚೆಕ್ಕೇ ಪಾಸ್ ಆಗಲ್ಲ. ಕ್ಲೈಂಟ್‌ಗೆ ಹೋಗೋದು ಬರೀ ಟೈಪ್ ಇಂಪೋರ್ಟ್, ಹಂಗಾಗಿ ಸರ್ವರ್ ಕೋಡ್ ಬ್ರೌಸರ್‌ಗೆ ಸೋರಲ್ಲ.

ಆದ್ರೆ ಟೈಪ್ ಇದೆ ಅಂತ ಮೈಮರೀಬೇಡಿ ಮಾರಾಯ್ರೇ, ರನ್ ಆಗೋವಾಗ ಟೈಪ್ ಅನ್ನೋದೇ ಇರಲ್ಲ, ಯಾರಾದ್ರೂ ನೇರವಾಗಿ ಕಸ ಡೇಟಾ ಕಳಿಸಿದ್ರೆ ತಡೆಯೋಕೆ ಇನ್‌ಪುಟ್‌ಗೆ ಜೋಡ್ (Zod) ಥರದ ಡೇಟಾ ಪರೀಕ್ಷಿಸೋ ಲೈಬ್ರರಿ ಬೇಕೇ ಬೇಕು. ಡೇಟ್ ಕಳಿಸಿದ್ರೆ ಸ್ಟ್ರಿಂಗ್ ಆಗಿ ಬರುತ್ತೆ, ಡೇಟ್ ಆಗೇ ಬರ್ಬೇಕಂದ್ರೆ ಸೂಪರ್‌ಜೇಸನ್ (SuperJSON) ಅನ್ನೋ ಲೈಬ್ರರಿ ಹಾಕ್ಕೊಳ್ಳಿ. ರೌಟರ್ ದೊಡ್ಡದಾದಂಗೆ ಎಡಿಟರ್ ಏದುಸಿರು ಬಿಡುತ್ತೆ, ಇದೇ ನಂಗೆ ಕಿರಿಕಿರಿ.

2025ರಲ್ಲಿ ಬಂದ 11ನೇ ವರ್ಷನ್‌ನಲ್ಲಿ ಫೈಲ್ ಅಪ್‌ಲೋಡ್‌ಗೆ ಫಾರ್ಮ್‌ಡೇಟಾನೂ ಸಪೋರ್ಟ್ ಆಗುತ್ತೆ. ಬ್ಯಾಕೆಂಡ್ ಜಾವಾನೋ ಗೋನೋ ಆಗಿದ್ರೆ ಇದರ ತಂಟೆಗೆ ಹೋಗ್ಬೇಡಿ, ಯಾವ ಭಾಷೆಗಾದ್ರೂ ಹೊಂದೋ ಎಪಿಐ ವಿವರಣೆಯ ಮಾನದಂಡ ಓಪನ್‌ಎಪಿಐ ನೋಡ್ಕೊಳ್ಳಿ. ನನ್ ಕಡೆಯಿಂದ ಐದಕ್ಕೆ ನಾಲ್ಕು.