ನಾಯಿ ಕಚ್ಚಿದ ಮೇಲೆ ಸಿಕ್ಕಿದ ಸರ್ಕಾರಿ ಸೇವೆ: 5ರಲ್ಲಿ 4

ಉಡುಪಿ ಕಡೆಯ ಒಂದು ಸರ್ಕಾರಿ ಆಸ್ಪತ್ರೆ ಮತ್ತು ಅಲ್ಲಿನ ಪಶು ಆಸ್ಪತ್ರೆ, ಎರಡಕ್ಕೂ ಸೇರಿಸಿ ಈ ರಿವ್ಯೂ, ಯಾಕಂದ್ರೆ ಇಬ್ರೂ ಒಟ್ಟಿಗೆ ಕೆಲಸ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮೀನು ತಕೊಂಡು ಬರುವಾಗ ಮಗನ ಕಾಲಿಗೆ ಬೀದಿ ನಾಯಿ ಕಚ್ಚಿತು, ರಕ್ತ ಬಂತು. ಪಕ್ಕದ ಮನೆ ಅಜ್ಜಿ ಸುಣ್ಣ ಅರಿಶಿನ ಹಚ್ಚು ಅಂದ್ರು, ಪಾಪ ಪ್ರೀತಿಯಿಂದ್ಲೇ ಹೇಳಿದ್ದು, ಆದ್ರೆ ನಾನು ನಲ್ಲಿ ಕೆಳಗೆ ಕೂರಿಸಿ ಸೋಪು ಹಾಕಿ 15 ನಿಮಿಷ ತೊಳ್ದೆ. ಹತ್ರದ ಒಂದು ಕ್ಲಿನಿಕ್‌ಲ್ಲಿ ಟಿಟಿ (ಧನುರ್ವಾಯುವಿನ ಇಂಜೆಕ್ಷನ್) ಹಾಕಿದ್ರೆ ಸಾಕು ಅಂದ್ರು ಮಾರಾಯ್ರೆ! ನನಗೆ ಸಮಾಧಾನ ಆಗ್ಲಿಲ್ಲ, ರೇಬೀಸ್ ಲಕ್ಷಣ ಒಮ್ಮೆ ಶುರುವಾದ್ರೆ ಉಳಿಯುವುದೇ ಇಲ್ಲ ಅನ್ನುವಷ್ಟು ಕಷ್ಟ, ಸೀದಾ ಸರ್ಕಾರಿ ಆಸ್ಪತ್ರೆಗೆ ಹೋದೆ.

ಅಲ್ಲಿ ಡಾಕ್ಟ್ರು ಗಾಯ ನೋಡಿದ್ದೇ ಸುತ್ತಲೂ ಇಮ್ಯುನೋಗ್ಲೋಬ್ಯುಲಿನ್ (ರೇಬೀಸ್ ವೈರಸ್ಸನ್ನು ಗಾಯದಲ್ಲೇ ತಡೆಯುವ ಮದ್ದು) ಹಾಕಿದ್ರು, ಮತ್ತೆ ಎರಡೂ ತೋಳಿನ ಚರ್ಮಕ್ಕೆ ರೇಬೀಸ್ ಲಸಿಕೆಯ ಸಣ್ಣ ಸಣ್ಣ ಇಂಜೆಕ್ಷನ್, ಇವತ್ತು, 3, 7, 28ನೇ ದಿನ ಅಂತ ಕಾರ್ಡಲ್ಲಿ ಬರ್ದು ಕೊಟ್ರು. ಒಂದು ರೂಪಾಯಿ ಖರ್ಚಾಗ್ಲಿಲ್ಲ. ಮಗ ಅತ್ತಾಗ ನರ್ಸಕ್ಕ ಕೈ ಹಿಡ್ಕೊಂಡು ಕೂತಿದ್ರು, ಅದನ್ನು ಮರೆಯುವುದಿಲ್ಲ.

ನನಗೆ ಹೆಚ್ಚು ಖುಷಿ ಆದದ್ದು ಮುಂದಿನ ವಿಷಯ. ನಾಯಿ ಯಾವ್ದು, ಎಲ್ಲಿ ಇರ್ತದೆ ಅಂತ ಕೇಳಿ ಪಶು ಆಸ್ಪತ್ರೆಗೆ ಫೋನ್ ಮಾಡಿದ್ರು, ಎರಡೇ ದಿನದಲ್ಲಿ ಬಲೆ ಹಿಡ್ಕೊಂಡು ಜನ ಬಂದ್ರು, ನಮ್ಮ ಓಣಿಯ ಉಳಿದ ನಾಯಿಗಳಿಗೆಲ್ಲ ಇಂಜೆಕ್ಷನ್ ಹಾಕಿ ಬಣ್ಣದ ಗುರುತು ಮಾಡಿದ್ರು, ಕಚ್ಚಿದ ನಾಯಿಯನ್ನು ಕೊಲ್ಲದೆ 10 ದಿನ ಗಮನಿಸಿ ಅಂದ್ರು. ಕಚ್ಚಿಸಿಕೊಂಡವ್ರಿಗೆ ಮಾತ್ರ ಮದ್ದು ಕೊಡ್ತಾ ಹೋದ್ರೆ ರೋಗ ನಾಯಿಗಳಲ್ಲೇ ಇರ್ತದಲ್ವಾ, ಗೋವಾದವ್ರು ವರ್ಷವರ್ಷ ನಾಯಿಗಳಿಗೆ ಲಸಿಕೆ ಹಾಕಿಯೇ ರೇಬೀಸ್‌ನಿಂದ ಆಗುವ ಜನರ ಸಾವನ್ನು ಸೊನ್ನೆಗೆ ಇಳಿಸಿದ್ದು.

ಒಂದು ಮಾರ್ಕು ಕಮ್ಮಿ ಮಾಡಿದ್ದಕ್ಕೂ ಕಾರಣ ಉಂಟು. ಆಚೆ ಓಣಿಗೆ ಅವ್ರು ಹೋಗ್ಲೇ ಇಲ್ಲ. ಒಂದು ಪ್ರದೇಶದ ನೂರರಲ್ಲಿ 70 ನಾಯಿಗಾದ್ರೂ ಲಸಿಕೆ ಆಗ್ಬೇಕು, ಇಲ್ಲದಿದ್ರೆ ರೋಗ ತಿರುಗ್ತಾ ಇರ್ತದೆ, ನಾಯಿಗಳಿಗೆ ಓಣಿಯ ಗಡಿ ಗೊತ್ತಿಲ್ಲ. ನಾನು ಪಶು ಆಸ್ಪತ್ರೆಗೆ ಹೋಗಿ ಹೇಳಿದೆ, ಆಚೆ ಓಣಿಯ ಲಿಸ್ಟ್ ಬರ್ಕೊಂಡ್ರು.

ಕಚ್ಚಿದ ನಾಯಿ 10 ದಿನ ಆದ್ರೂ ಅಂಗಡಿ ಎದುರು ಆರಾಮಾಗಿ ಮಲಗಿತ್ತು. ಆದ್ರೂ ಮಗನ 28ನೇ ದಿನದ ಇಂಜೆಕ್ಷನ್ ಹಾಕಿಸಿಯೇ ಬಂದೆವು.